ವಿಂಬಲ್ಡನ್ನಿನ ವೇಳಾಪಟ್ಟಿ

ಟೆನಿಸ್ ಪಂದ್ಯದ ಸೋಲುಗೆಲುವುಗಳನ್ನು ಆಟಗಾರನ ಕೌಶಲವೊಂದೇ ನಿರ್ಣಯಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯಾರು ಯಾವ ದಿನ, ಎಷ್ಟು ವಿಶ್ರಾಂತಿಯ ತರುವಾಯ ಆಡಬೇಕೆಂದು ಗೊತ್ತುಮಾಡುವ ವೇಳಾಪಟ್ಟಿಗೂ ಅದರಲ್ಲಿ ಪಾಲುಂಟು. ೧೮೭೭ರಲ್ಲಿ ಲಂಡನ್ನಿನಲ್ಲಿ ಮೊದಲಾದ ವಿಂಬಲ್ಡನ್ ಪಂದ್ಯಾವಳಿಯ ಚರಿತ್ರೆಯಿಂದ ಇದನ್ನು ಚೆನ್ನಾಗಿ ತಿಳಿಯಬಹುದು.

ಮೊದಲು ಲೆಕ್ಕವನ್ನು ನೋಡೋಣ. ಪುರುಷರ ಸಿಂಗಲ್ಸ್‌ನಲ್ಲಿ ೧೨೮ ಮಂದಿ ಆಡುತ್ತಾರೆ. ಒಂದೊಂದು ಪಂದ್ಯದಲ್ಲಿ ಒಬ್ಬನು ಹೊರಬೀಳುವುದರಿಂದ, ಕೊನೆಗೆ ಒಬ್ಬನೇ ಉಳಿಯಲು ೧೨೭ ಪಂದ್ಯಗಳು ಬೇಕು. ಮಹಿಳೆಯರಿಗೂ ಅಷ್ಟೇ. ಇವುಗಳ ಜೊತೆಗೆ ಡಬಲ್ಸ್, ಮಿಶ್ರ ಡಬಲ್ಸ್. ಎಲ್ಲವೂ ೧೪ ದಿನಗಳಲ್ಲಿ ಮುಗಿಯಬೇಕು. ಕಾಲ್ಚೆಂಡಿನಾಟಕ್ಕೆ ಗಡಿಯಾರದ ಅಂಕೆಯುಂಟು, ಟೆನಿಸ್ಸಿಗೆ ಅದಿಲ್ಲ. ಒಂದು ಪಂದ್ಯ ಒಂದು ಗಂಟೆಯಲ್ಲಿ ಮುಗಿದರೆ ಇನ್ನೊಂದು ಐದು ಗಂಟೆ ಹಿಡಿದೀತು.

ಇದರ ಮೇಲೆ ಮಳೆಯ ಕಾಟ ಬೇರೆ. ಸೆಂಟರ್ ಕೋರ್ಟಿಗೆ ಮುಚ್ಚುವ ಚಾವಣಿ ಬಂದದ್ದು ೨೦೦೯ರಲ್ಲಿ. ನಡುವಣ ಭಾನುವಾರ ಆಟವಿಲ್ಲವೆಂಬುದು ಹಿಂದಿನ ಸಂಪ್ರದಾಯ. ೧೯೯೧ರಲ್ಲಿ ಮಳೆಯಿಂದ ಪಂದ್ಯಗಳು ಹಿಂದೆಬಿದ್ದಾಗ, ಮೊದಲ ಬಾರಿಗೆ ಅಂದೂ ಆಡಿಸಿದರು. ಮುಂಗಡ ಟಿಕೆಟ್ಟುಗಳಿಲ್ಲದ ಆ ದಿನ, ಸಾಲಿನಲ್ಲಿ ಕಾದು ನಿಂತ ಸಾಮಾನ್ಯ ಜನ ಒಳಗೆ ಸೇರಿ ಎಂಥ ಉಲ್ಲಾಸವನ್ನು ತೋರಿದರೆಂದರೆ, ಅದಕ್ಕೆ ‘ಜನರ ಭಾನುವಾರ’ ಎಂದೇ ಹೆಸರಾಯಿತು. ೨೦೨೨ರಿಂದ ಆ ಬಿಡುವೇ ರದ್ದಾಗಿದೆ.

ದೀರ್ಘ ಪಂದ್ಯದ ಬೆಲೆಯನ್ನು ತೆರುವವರು ಯಾರು? ೨೦೧೦ರಲ್ಲಿ ಅಮೆರಿಕದ ಜಾನ್ ಇಸ್ನರ್, ಫ್ರಾನ್ಸಿನ ನಿಕೊಲಾ ಮಾಹು ಇವರ ಪಂದ್ಯ ಮೂರು ದಿನಗಳಲ್ಲಿ ಒಟ್ಟು ೧೧ ಗಂಟೆ ೫ ನಿಮಿಷ ನಡೆಯಿತು. ಕೊನೆಯ ಸೆಟ್ಟನ್ನು ಇಸ್ನರ್ ೭೦-೬೮ರಲ್ಲಿ ಗೆದ್ದನು. ಆದರೆ ಮರುದಿನವೇ ಮುಂದಿನ ಸುತ್ತಿಗೆ ಇಳಿಯಬೇಕಾಗಿ ಬಂದು, ಮೊದಲ ಸೆಟ್ಟನ್ನು ೬-೦ರಲ್ಲಿ ಕಳೆದುಕೊಂಡು ಮೂರೇ ಸೆಟ್ಟುಗಳಲ್ಲಿ ಸೋತನು.

೨೦೧೮ರ ಸೆಮಿಫೈನಲ್ಲಿನಲ್ಲಿ ಅದೇ ಇಸ್ನರನಿಗೂ ದಕ್ಷಿಣ ಆಫ್ರಿಕದ ಕೆವಿನ್ ಆ್ಯಂಡರ್ಸನ್ನನಿಗೂ ೬ ಗಂಟೆ ೩೬ ನಿಮಿಷಗಳ ಹೋರಾಟ ನಡೆಯಿತು. ಅಲ್ಲಿಯೇ ಮುಂದೆ ನಡೆಯಬೇಕಾಗಿದ್ದ ನಡಾಲ್–ಜೊಕೊವಿಚ್ ಪಂದ್ಯಕ್ಕಾಗಿ ಪ್ರೇಕ್ಷಕರು ತಾಳ್ಮೆಗೆಟ್ಟು ಕಾದರು. ನೆರೆಹೊರೆಯವರ ನೆಮ್ಮದಿಗಾಗಿ ರಾತ್ರಿ ೧೧ರ ಮೇಲೆ ಆಡಕೂಡದೆಂಬ ಕಟ್ಟಳೆ ಇದ್ದುದರಿಂದ, ಆ ಪಂದ್ಯ ಅರ್ಧಕ್ಕೆ ನಿಂತು ಮರುದಿನ ಮುಗಿಯಿತು. ಗೆದ್ದಿದ್ದ ಆ್ಯಂಡರ್ಸನ್ ಫೈನಲ್ಲಿನ ಮೊದಲೆರಡು ಸೆಟ್ಟುಗಳನ್ನು ೬-೨, ೬-೨ರಲ್ಲಿ ಬಿಟ್ಟುಕೊಟ್ಟು ಜೊಕೊವಿಚ್ಚನಿಗೆ ಸೋತನು. ೨೦೧೯ರಲ್ಲಿ ಕೊನೆಯ ಸೆಟ್ಟಿಗೆ ೧೨-೧೨ರಲ್ಲಿ ಟೈಬ್ರೇಕ್ ಬಂದಿತು. ೨೦೨೨ರಿಂದ ನಾಲ್ಕೂ ಮಹಾ ಪಂದ್ಯಾವಳಿಗಳಲ್ಲಿ ೬-೬ಕ್ಕೇ ಹತ್ತು ಅಂಕಗಳ ಟೈಬ್ರೇಕ್ ನಡೆಯುತ್ತಿದೆ. ಪುರುಷರ ಡಬಲ್ಸನ್ನೂ ೨೦೨೩ರಲ್ಲಿ ಐದು ಸೆಟ್ಟುಗಳಿಂದ ಮೂರಕ್ಕೆ ಇಳಿಸಿದರು. ಆ ವರ್ಷವೇ ನಮ್ಮ ಕೊಡಗಿನ ರೋಹನ್ ಬೋಪಣ್ಣ, ೪೩ರ ವಯಸ್ಸಿನಲ್ಲಿ, ಸೆಮಿಫೈನಲ್ ತಲುಪಿದ್ದು ಸ್ಮರಣೀಯ.

ಆಟಗಾರರಿಗೆ ಬೇರೆ ಕಟ್ಟುಪಾಡುಗಳೂ ಉಂಟು. ಯುಗೊಸ್ಲಾವಿಯದ ನಿಕಿ ಪಿಲಿಚ್ ತನ್ನ ದೇಶದ ಪರವಾಗಿ ಡೇವಿಸ್ ಕಪ್ ಆಡಲಿಲ್ಲವೆಂದು ಅಮಾನತುಗೊಂಡಾಗ, ೧೯೭೩ರಲ್ಲಿ ೮೧ ಮಂದಿ ಆಟಗಾರರು ವಿಂಬಲ್ಡನ್ನನ್ನೇ ಬಹಿಷ್ಕರಿಸಿದರು. ಹೆಸರಾಂತ ಆಟಗಾರರಲ್ಲಿ ಬಹುಮಂದಿ ಇಲ್ಲದಿದ್ದರೂ ಸುಮಾರು ಮೂರು ಲಕ್ಷ ಜನ ನೋಡಲು ಬಂದರು! ಆ ವರ್ಷ ಭಾರತದ ವಿಜಯ್ ಅಮೃತರಾಜ್ ಕ್ವಾರ್ಟರ್‌ಫೈನಲ್ ಮುಟ್ಟಿ, ಮುಂದೆ ಪ್ರಶಸ್ತಿ ಗೆದ್ದ ಕೋಡೆಶನಿಗೆ ಐದು ಸೆಟ್ಟುಗಳ ಹೋರಾಟದಲ್ಲಿ ಸೋತನು.

ಹೀಗೆ ಆಟಗಾರನ ದೇಹ, ಕಾಸು ತೆತ್ತು ಕಾದು ಕುಳಿತ ಪ್ರೇಕ್ಷಕ, ದಿನದ ಬೆಳಕು ಇವು ಮೂರಕ್ಕೂ ಒಪ್ಪುವ ಪಟ್ಟಿಯನ್ನು ಬರೆಯುವುದು ದುಸ್ತರ. ಒಂದಕ್ಕೆ ಸಲ್ಲಿಸಿದ್ದು ಮತ್ತೊಂದರಿಂದ ಕಿತ್ತುಕೊಂಡದ್ದೇ ಆಗಿರುತ್ತದೆ. ಟೈಬ್ರೇಕ್ ಬಂದುದರಿಂದ ೭೦-೬೮ರಂಥ ಅದ್ಭುತವನ್ನು ನಾವು ಅಲ್ಲಿ ಇನ್ನು ಕಾಣಲಾರೆವು. ಆದರೆ ಗೆದ್ದವನು ಮರುದಿನ ಕಾಲೆಳೆಯುತ್ತ ಬರುವುದೂ ಅಷ್ಟರಮಟ್ಟಿಗೆ ತಪ್ಪಿತು. ವೃತ್ತಪತ್ರಿಕೆಯಲ್ಲಿ ಫಲಿತಾಂಶವನ್ನು ಓದುವ ಗೆಳೆಯರು, ಸೋತವನು ಹಿಂದಿನ ಪಂದ್ಯವನ್ನು ಎಷ್ಟು ಹೊತ್ತು ಆಡಿದ್ದನೆಂಬುದನ್ನೂ ವಿಚಾರಿಸಿದರೆ ಆಟಕ್ಕೆ ಹೆಚ್ಚಿನ ನ್ಯಾಯ ಸಲ್ಲುತ್ತದೆ.