ಕಾಲ ಮೀರಿದ ಆಯುಧ, ಬದಲಾದ ಆಟ

1486ರ ವೆನಿಸ್, ಕಾರ್ನಿವಲ್ ಹಬ್ಬದ ರಾತ್ರಿ. ನಗರದ ದೊರೆ ಮಾರ್ಕೊ ಬಾರ್ಬರಿಗೊ ಹಡಗಿನ ಮೇಲೆ ನಿಂತು ಭಾಷಣ ಮಾಡುತ್ತಿದ್ದಾನೆ. ದಡದ ಜನಜಂಗುಳಿಯಲ್ಲಿ ನಿಂತ ಎಜಿಯೊ, ಮಣಿಕಟ್ಟಿಗೆ ಕಟ್ಟಿಕೊಂಡ ಪುಟ್ಟ ಪಿಸ್ತೂಲಿನಿಂದ ಗುರಿಯಿಡುತ್ತಾನೆ. ಬಾಣಬಿರುಸು ಸಿಡಿಯುವ ಹೊತ್ತಿಗೇ ಗುಂಡು ಹಾರಬೇಕು, ಆಗಲೇ ಸದ್ದು ಅಡಗುವುದು. ಇದು ಯೂಬಿಸಾಫ್ಟ್ ಕಂಪನಿಯ ‘ಅಸಾಸಿನ್ಸ್ ಕ್ರೀಡ್’ ಸರಣಿಯ ಎರಡನೇ ಆಟದ (2009) ಒಂದು ಮಿಷನ್, ಎಜಿಯೊ ಆ ಆಟದ ನಾಯಕ.

ಬಾರ್ಬರಿಗೊ ನಿಜವಾಗಿ ಬಾಳಿದವನು, ತೀರಿಕೊಂಡದ್ದೂ 1486ರಲ್ಲೇ. ಪಿಸ್ತೂಲು ಮಾತ್ರ ಆ ಕಾಲದ್ದಲ್ಲ. ಆಗಿನ ಕೈಬಂದೂಕಿನ ಮದ್ದಿಗೆ ಬೆಂಕಿ ತಗುಲಿಸಲು ಉರಿಯುವ ಬತ್ತಿಯೋ ಕೆಂಡವೋ ಬೇಕಿತ್ತು. ಅಂಥದ್ದನ್ನು ತೋಳಿನೊಳಗೆ ಬಚ್ಚಿಟ್ಟುಕೊಂಡು ತಿರುಗಲಾಗದು. ಚಕ್ರ ತಿರುಗಿ ತಾನೇ ಕಿಡಿ ಹಾರಿಸುವ ಪಿಸ್ತೂಲು ಬಂದದ್ದು 1500ರ ಆಸುಪಾಸಿನಲ್ಲಿ.

ಆಟ ಕಟ್ಟಿದವರಿಗೆ ಈ ಪಿಸ್ತೂಲು ಏಕೆ ಬೇಕಾಯಿತು? 1191ರ ಧರ್ಮಯುದ್ಧದ ಕಾಲದಲ್ಲಿ ನಡೆಯುವ ಮೊದಲ ಆಟದಲ್ಲಿ (2007) ಮುಖ್ಯ ಬೇಟೆಗಳೆಲ್ಲ ಹತ್ತಿರದವು. ಗುಂಪಿನಲ್ಲಿ ಬೆರೆತು, ಗೋಡೆ ಹತ್ತಿ, ಬೇಟೆಯ ಮೈಗೆ ಮೈ ತಾಗುವಷ್ಟು ಸಮೀಪ ಹೋಗಿ ಗುಪ್ತ ಚೂರಿ ಇರಿಯಬೇಕು. ಅದನ್ನೇ ಮತ್ತೆ ಮಾಡಿಸಿದರೆ ಬೇಸರ ಬರುತ್ತದೆ. ಪಿಸ್ತೂಲು ಬಂದೊಡನೆ ದೂರ, ಸದ್ದು, ಹೊತ್ತು ಇವೆಲ್ಲ ಲೆಕ್ಕಕ್ಕೆ ಬಂದವು. ವೆನಿಸ್ಸಿನ ಆ ಮಿಷನ್ ಹುಟ್ಟಿದ್ದೇ ಈ ಕಾಲದೋಷದಿಂದ.

ಮುಂದಿನ ‘ಬ್ರದರ್‌ಹುಡ್’ (2010) ಇನ್ನಷ್ಟು ಜಾಣತನ ತೋರಿತು. ಲಿಯೊನಾರ್ದೊ ದ ವಿಂಚಿ 1480ರ ದಶಕದಲ್ಲಿ ಆಮೆಚಿಪ್ಪಿನಾಕಾರದ ಯುದ್ಧಬಂಡಿಯೊಂದನ್ನು ಚಿತ್ರಿಸಿದ್ದ. ಚಿತ್ರದಲ್ಲಿದ್ದಂತೆಯೇ ಹಲ್ಲುಚಕ್ರ ಜೋಡಿಸಿದರೆ ಮುಂದಿನ ಗಾಲಿಗಳು ಒಂದು ಕಡೆಗೆ, ಹಿಂದಿನವು ಇನ್ನೊಂದು ಕಡೆಗೆ ತಿರುಗುತ್ತವೆ. ಬಂಡಿ ನಿಂತಲ್ಲೇ ನಿಲ್ಲುತ್ತದೆ. ಆಟದಲ್ಲಿ ಅದು ಓಡುತ್ತದೆ, ಫಿರಂಗಿ ಹಾರಿಸುತ್ತದೆ. ಇಟಲಿಯ ಪ್ರಬಲ ಬೋರ್ಜಿಯಾ ಮನೆತನದ ಒತ್ತಾಯಕ್ಕೆ ಲಿಯೊನಾರ್ದೊ ಅದನ್ನು ಕಟ್ಟಿದನೆಂಬುದು ಆಟದ ಕಥೆ. ಅವನು 1502ರಲ್ಲಿ ಚೇಸರೆ ಬೋರ್ಜಿಯಾನ ಸೇನಾ ಎಂಜಿನಿಯರ್ ಆಗಿದ್ದುದಂತೂ ನಿಜ. ಎಜಿಯೊ ಯಂತ್ರವನ್ನೂ ಅದರ ನಕ್ಷೆಯನ್ನೂ ನಾಶಮಾಡುತ್ತಾನೆ. ಇತಿಹಾಸದಲ್ಲಿ ಅಂಥ ಯಂತ್ರದ ಕುರುಹಿಲ್ಲದಿರುವುದಕ್ಕೆ ಆಟವೇ ಕಾರಣ ಒದಗಿಸಿತು! ಇಡೀ ಸರಣಿಯಲ್ಲಿ ಇಷ್ಟು ಸೊಗಸಾದ ಸಮಜಾಯಿಷಿ ಇನ್ನೊಂದಿಲ್ಲ.

1868ರ ಲಂಡನ್ನಿನ ‘ಸಿಂಡಿಕೇಟ್’ನಲ್ಲಿ (2015) ತೊಡಕು ಬೇರೆ. ಕುದುರೆಗಾಡಿಗಳು ಓಡಾಡುವ ಅಗಲವಾದ ಬೀದಿಗಳು. ಮಾಳಿಗೆಯಿಂದ ಮಾಳಿಗೆಗೆ ಜಿಗಿಯುವಂತಿಲ್ಲ. ಅದಕ್ಕೆ ಮಣಿಕಟ್ಟಿನಿಂದ ಹಗ್ಗ ಚಿಮ್ಮಿಸುವ ಸಾಧನ ಬಂತು, ಅದನ್ನು ಒದಗಿಸುವವನು ಅಲೆಕ್ಸಾಂಡರ್ ಗ್ರಹಾಂ ಬೆಲ್. ಬೀದಿಯೇನೋ ದಾಟಿದ್ದಾಯಿತು. ಆದರೆ ಎಲ್ಲಿ ಕೈಯೂರಬೇಕು, ಯಾವ ಕಿಟಕಿ ಹಿಡಿಯಬೇಕು ಎಂದು ಕಣ್ಣಲ್ಲೇ ದಾರಿ ಹುಡುಕುವ ಸುಖ ಹೋಯಿತು. ಗುಂಡಿ ಒತ್ತಿದರೆ ಸೂರಿನ ಮೇಲಿರುತ್ತೇವೆ.

ತಂತ್ರಜ್ಞಾನ ಕಾಲಕ್ಕೆ ಹೊಂದಿದ ಮಾತ್ರಕ್ಕೆ ಆಟ ಉಳಿಯುತ್ತದೆ ಎಂದೇನಿಲ್ಲ. ಕ್ರಿಸ್ತಪೂರ್ವ ಈಜಿಪ್ಟಿನ ‘ಒರಿಜಿನ್ಸ್’ನಲ್ಲಿ (2017) ಬಿಲ್ಲು, ಗುರಾಣಿ, ಈಟಿ ಎಲ್ಲ ಆ ಕಾಲಕ್ಕೆ ಒಪ್ಪುವಂಥವೇ. ಆದರೆ ಶತ್ರುವಿನ ಲೆವೆಲ್ ತೀರ ಹೆಚ್ಚಿದ್ದರೆ ಹಿಂದಿನಿಂದ ಕುತ್ತಿಗೆಗೆ ಚುಚ್ಚಿದರೂ ಅವನು ಸಾಯುವುದಿಲ್ಲ. ನನ್ನ ಮಟ್ಟಿಗೆ ಇದು 1486ರ ಪಿಸ್ತೂಲಿಗಿಂತ ದೊಡ್ಡ ಅಸಂಗತಿ. ಒಂಬತ್ತನೇ ಶತಮಾನದ ಬಾಗ್ದಾದಿನ ‘ಮಿರಾಜ್’ (2023) ಚೂರಿಗೆ ಹಳೆಯ ಹರಿತ ಮರಳಿಸಿತು.

ಸರಣಿಗೆ ಹೊಸಬರಾದವರು 2009ರ ಆಟದಿಂದಲೇ ಶುರುಮಾಡಿ. ಮೊದಲು ಬರೀ ಚೂರಿ ಹಿಡಿದು ಆಡಿ, ಆಮೇಲೆ ಪಿಸ್ತೂಲು ಸಿಕ್ಕಾಗ ನಿಮ್ಮ ನಡೆ ಎಷ್ಟು ಬದಲಾಗುತ್ತದೆ ಎಂಬುದನ್ನು ಗಮನಿಸಿ.