ಗಿಲಾವು ಕೆತ್ತಿದ ಕೈ, ಬಂಡೆ ಏರುವ ಬೆರಳು

ಕಳೆದ ಪುಷ್ಯ ಮಾಸದಲ್ಲಿ ಬನಹಟ್ಟಿಯ ನೇಕಾರ ಮನೆತನದ ಯುವಕನೊಬ್ಬನು ನಮ್ಮಲ್ಲಿಗೆ ಚಿಕಿತ್ಸೆಗಾಗಿ ಬಂದನು. ಬಲಗೈಯ ಉಂಗುರಬೆರಳು ಬುಡದಲ್ಲಿ ಊದಿಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಚಳಿಗಾಲದ ರವಿವಾರಗಳಂದು ಗೆಳೆಯರೊಡನೆ ಬಾದಾಮಿಗೆ ಹೋಗಿ ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಏರುವುದು ಅವನ ಹವ್ಯಾಸ. ತಂಗಿಯ ಮದುವೆ ನಿಶ್ಚಯವಾದುದರಿಂದ ಮನೆಯ ದುರಸ್ತಿ ಆರಂಭವಾಗಿತ್ತು. ಹಳೆಯ ಗಿಲಾವು ಕೆತ್ತುವುದು, ಮಾಳಿಗೆಯ ಮಣ್ಣು ಇಳಿಸುವುದು ಅವನ ಪಾಲಿಗೆ ಬಂದವು. ಆರು ದಿನ ಉಳಿ ಸುತ್ತಿಗೆ, ಏಳನೆಯ ದಿನ ಬಾದಾಮಿ. ಮೂರನೆಯ ರವಿವಾರ ಬಂಡೆಯ ಅಂಚನ್ನು ಬೆರಳ ತುದಿಯಿಂದ ಹಿಡಿದಾಗ ‘ಟಕ್’ ಎಂಬ ಶಬ್ದ ಕೇಳಿಸಿತಂತೆ.

ಜೊತೆಗೆ ಬಂದಿದ್ದ ತಂದೆಯವರು, “ಡಾಕ್ಟರ್ರ, ಕಾಯಕ ಬಿಟ್ಟು ಕಲ್ಲು ಹತ್ತಿದ್ರ ಹಿಂಗ ಆಗ್ತದಂತ ನೀವರ ಹೇಳ್ರಿ” ಎಂದರು. ನಾವು ಹಾಗೆ ಹೇಳಲಿಲ್ಲ. ಅವನು ಕಾಯಕವನ್ನು ಬಿಟ್ಟಿರಲಿಲ್ಲ. ಎರಡನ್ನೂ ಬಿಡದಿದ್ದುದೇ ತೊಂದರೆಯಾಗಿತ್ತು.

ಬೆರಳುಗಳನ್ನು ಬಲವಾಗಿ ಮಡಚುವ ಮಾಂಸಪೇಶಿಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಕಂಡರಗಳು ಹಗ್ಗದಂತೆ ಬೆರಳ ತುದಿಯವರೆಗೆ ಸಾಗುತ್ತವೆ. ಆ ಕಂಡರಗಳು ಎಲುಬನ್ನು ಬಿಟ್ಟು ಮೇಲೇಳದಂತೆ ಚಿಕ್ಕ ಚಿಕ್ಕ ಪಟ್ಟಿಗಳು ಬಿಗಿದಿಡುತ್ತವೆ. ಬಂಡೆ ಏರುವವರಲ್ಲಿ ಹರಿಯುವುದು ಹೆಚ್ಚಾಗಿ ಈ ಪಟ್ಟಿಯೇ, ಅದೂ ಉಂಗುರಬೆರಳಿನದು. ಸುತ್ತಿಗೆ ಹಿಡಿಯುವುದು, ಮಣ್ಣಿನ ಬುಟ್ಟಿ ಎತ್ತುವುದು, ಬಂಡೆಗೆ ಜೋತು ಬೀಳುವುದು, ಮೂರಕ್ಕೂ ದುಡಿಯುವವು ಅವೇ ಪೇಶಿ, ಅವೇ ಕಂಡರ. ಪೇಶಿಯ ದಣಿವು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಕಂಡರಕ್ಕೆ ರಕ್ತಸಂಚಾರ ಕಡಿಮೆ, ಆದ್ದರಿಂದ ಅದು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ‘ಕೈ ನೋವಿಲ್ಲ, ಹೋಗಬಹುದು’ ಎಂಬ ಯುವಕರ ಲೆಕ್ಕ ತಪ್ಪುವುದು ಇಲ್ಲಿಯೇ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಭಕ್ತರು ಕೇಳುವುದುಂಟು. ದೇಹಕ್ಕೆ ಸ್ಥಿರತೆ ಮತ್ತು ಬಲವನ್ನು ತರುವ, ಮನಸ್ಸಿಗೆ ಇಷ್ಟವಾದ ಚೇಷ್ಟೆಯನ್ನು ಚರಕಾಚಾರ್ಯರು ವ್ಯಾಯಾಮವೆಂದು ಕರೆದು, ಅದನ್ನು ಮಾತ್ರೆಯರಿತು ಮಾಡಬೇಕೆಂದರು. ಸುಶ್ರುತರು ಅರ್ಧ ಬಲದ ಮಿತಿಯನ್ನು ಹೇಳಿದರು. ಉಸಿರು ಬಾಯಿಗೆ ಬರುವುದೇ ಅದರ ಗುರುತು. ದುರಸ್ತಿಯ ಕೆಲಸದಲ್ಲಿ ಈ ಮಿತಿ ಉಳಿಯುವುದಿಲ್ಲ. ಗೋಡೆ ಮುಗಿದಾಗ ಕೈ ನಿಲ್ಲಿಸುತ್ತೇವೆಯೇ ಹೊರತು ದೇಹ ಸಾಕೆಂದಾಗ ಅಲ್ಲ. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರೂ ಕಟ್ಟಡ ಕೆಲಸ ಮಾಡಿದವರೇ ಎಂದು ಆ ಯುವಕನು ವಾದಿಸಿದನು. ಅಂತಹ ದೇಹವೂ ಅಭ್ಯಾಸವೂ ಒಬ್ಬಿಬ್ಬರಿಗೆ ಒದಗುತ್ತವೆ. ಅದರಿಂದ ಎಲ್ಲರಿಗೂ ನಿಯಮ ಮಾಡಲಾಗದು.

ಹವ್ಯಾಸವನ್ನು ತೊರೆಯಿರೆಂದು ನಾವು ಹೇಳುವುದಿಲ್ಲ. ಬಲವುಳ್ಳವರು, ಸ್ನಿಗ್ಧ ಆಹಾರ ಉಣ್ಣುವವರು ಶೀತಕಾಲದಲ್ಲಿಯೂ ವಸಂತದಲ್ಲಿಯೂ ವ್ಯಾಯಾಮ ಮಾಡಬೇಕೆಂದು ವಾಗ್ಭಟರೇ ಹೇಳಿದ್ದಾರೆ. ಆದರೆ ಕೆತ್ತುವ, ಎತ್ತುವ ಕೆಲಸವಿರುವ ವಾರಗಳಲ್ಲಿ ಬಂಡೆಯ ಬದಲು ನಡಿಗೆ ಸಾಕು. ಮನೆಯವರೂ ಸ್ವಲ್ಪ ವಿಚಾರ ಮಾಡಬೇಕು. ಕೆತ್ತುವ ಕೆಲಸವನ್ನು ಒಬ್ಬನ ಕೈಗೇ ಕಟ್ಟದೆ ಸರದಿ ಹಾಕಿಕೊಳ್ಳಲಿ. ಕೆಲಸ ಮುಗಿದ ಮೇಲೆ ಮೊದಲ ಎರಡು ಮೂರು ವಾರ ಸುಲಭವಾದ ಬಂಡೆಗಳನ್ನಷ್ಟೇ ಏರಬೇಕು. ದಣಿದ ಮುಂಗೈಗೆ ಸಂಜೆ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಅನಂತರ ಬಿಸಿನೀರಿನ ಸ್ನಾನ ಹಿತಕರ.

ಶಬ್ದವಾಗಿ ಊದಿಕೊಂಡ ಬೆರಳಿಗೆ ಮಾತ್ರ ಎಣ್ಣೆ ತಿಕ್ಕುವುದು, ಎಳೆದು ನೆಟಿಕೆ ತೆಗೆಯುವುದು ಸಲ್ಲದು. ತಣ್ಣೀರಿನ ಬಟ್ಟೆ ಸುತ್ತಿ, ಬೆರಳು ಅಲುಗದಂತೆ ಇರಿಸಿ, ಎಲುಬಿನ ತಜ್ಞರಿಗೆ ತೋರಿಸಬೇಕು. ಆ ಯುವಕನನ್ನೂ ನಾವು ಅಂದೇ ಅಲ್ಲಿಗೆ ಕಳುಹಿಸಿದೆವು.

ಇನ್ನೊಂದು ಮಾತು. ಹಸಿ ಸಿಮೆಂಟು ಸುಣ್ಣದಂತೆಯೇ ಚರ್ಮವನ್ನು ಸುಡುತ್ತದೆ, ಕೈಚೀಲ ತೊಡಬೇಕು. ಫರಸಿಯನ್ನು ಯಂತ್ರದಿಂದ ಕೊಯ್ಯುವಾಗ ನೀರು ಬಿಡದಿದ್ದರೆ ಏಳುವ ಕಲ್ಲಿನ ಧೂಳು ಪುಪ್ಪುಸದಲ್ಲಿ ನೆಲೆಸುತ್ತದೆ, ಹೊರಬರುವುದಿಲ್ಲ. ಏರುವ ಹಗ್ಗವನ್ನೂ ಸಿಮೆಂಟು ಚೀಲಗಳ ಬಳಿ ಇಡಬಾರದು.

ಫಾಲ್ಗುಣದಲ್ಲಿ ಮದುವೆ ನೆರವೇರಿತು. ಅಕ್ಷತೆಗೆ ಹೋದಾಗ ತಂದೆಯವರು ಹೊಸ ಪಡಸಾಲೆಯನ್ನು ತೋರಿಸಿದರು. ಮಗನ ಬೆರಳಿಗೆ ಇನ್ನೂ ಪಟ್ಟಿಯಿತ್ತು. ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಹೆಬ್ಬೆರಳು ತೋರುಬೆರಳಿನಿಂದ ಗಂಟು ಹಾಕುತ್ತಿದ್ದೇನೆ, ಮುಂದಿನ ಕಾರ್ತಿಕದಲ್ಲಿ ಬಾದಾಮಿಗೆ ಹೋಗಬಹುದೇ ಎಂದು ಅವನು ಕೇಳಿದನು. ಬೆರಳು ಪೂರ್ತಿ ಮಡಚಲು ಬಂದ ದಿನ ನಮ್ಮಲ್ಲಿಗೆ ಬಾ, ಆಗ ನೋಡೋಣ ಎಂದೆವು.