ಸೈಟ್ ತೆರೀತಿಲ್ವಾ? ಮೊದಲು ತಾರೀಕು ನೋಡಿ

ಮನೆಯ ಹಳೇ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಅಂತ ಎಚ್ಚರಿಕೆ ಬರ್ತಿದೆಯಾ? ಬ್ರೌಸರ್ ಅಳಿಸಿ ಮತ್ತೆ ಹಾಕೋಕೆ ಹೊರಡಬೇಡಿ. ಪರದೆಯ ಮೂಲೆಯಲ್ಲಿರೋ ತಾರೀಕು ನೋಡಿ. ಎಷ್ಟೋ ಸಲ ಅಲ್ಲಿ ಯಾವುದೋ ಹಳೇ ಇಸವಿ ಕೂತಿರುತ್ತೆ!

ಸುರಕ್ಷಿತ ಸೈಟಿನ ಪ್ರಮಾಣಪತ್ರಕ್ಕೆ ಶುರುವಾಗೋ ದಿನ, ಮುಗಿಯೋ ದಿನ ಎರಡೂ ಇರುತ್ತೆ. ಬ್ರೌಸರ್ ಅದನ್ನ ತಾಳೆ ನೋಡೋದು ನಿಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ. ಗಡಿಯಾರ ತಪ್ಪಿದ್ರೆ ಒಳ್ಳೇ ಸೈಟನ್ನೂ ಅದು ನಂಬೋದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಮಯ ಆಟೋಮ್ಯಾಟಿಕ್ ಮಾಡಿ, ಪೇಜ್ ರಿಫ್ರೆಶ್ ಮಾಡಿ. ಕರೆಂಟ್ ತೆಗೆದಾಗಲೆಲ್ಲ ತಾರೀಕು ಹಿಂದಕ್ಕೆ ಓಡ್ತಿದ್ರೆ, ಮದರ್‌ಬೋರ್ಡಿನ ಮೇಲಿರೋ ದುಂಡನೆಯ ಸೆಲ್ ಮುಗಿದಿರುತ್ತೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟಿನ ಸಿಆರ್ 2032.

ತಾರೀಕು ಸರಿಯಿದ್ದೂ ಎಚ್ಚರಿಕೆ ಹೋಗದಿದ್ರೆ, ದಯವಿಟ್ಟು ಅಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕಲೇಬೇಡಿ.